ಸಿಡಿಲಿಗೊಂದು ಕೋಡಿ

2024ರ ಮೇ 22ರ ಸಂಜೆ ಮೋಪಾದ ಮನೋಹರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಸಿಡಿಲು ಬಡಿದು ರನ್‌ವೇ ಅಂಚಿನ ದೀಪಗಳು ಕೆಟ್ಟವು. ಇಳಿಯಬೇಕಿದ್ದ ಆರು ವಿಮಾನಗಳನ್ನು ಬೇರೆ ನಿಲ್ದಾಣಗಳಿಗೆ ತಿರುಗಿಸಬೇಕಾಯಿತು. ರಾತ್ರಿ ಎಂಟರ ಹೊತ್ತಿಗೆ ದೀಪಗಳು ಸರಿಯಾದವು. ಶುರುವಾಗಿ ಇನ್ನೂ ಎರಡು ವರ್ಷ ತುಂಬದ, ಹೊಚ್ಚ ಹೊಸ ಸಲಕರಣೆಗಳಿರುವ ನಿಲ್ದಾಣದ ಮಾತು ಇದು.

ಅಲ್ಲಿ ರಿಪೇರಿಗೆ ಎಂಜಿನಿಯರುಗಳ ತಂಡವೇ ಇರುತ್ತದೆ. ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಯಾರಿದ್ದಾರೆ? ನೀವೇ. ಅಲ್ಲಿರುವ ನಾಲ್ಕೋ ಎಂಟೋ ಕಂಪ್ಯೂಟರು, ಒಂದು ಪ್ರೊಜೆಕ್ಟರು ಯಾರೋ ಪುಣ್ಯಾತ್ಮರು ಕೊಟ್ಟದ್ದು, ಇಲ್ಲವೇ ಅರ್ಜಿಯ ಮೇಲೆ ಅರ್ಜಿ ಹಾಕಿ ತರಿಸಿದ್ದು. ಸುಟ್ಟರೆ ಮತ್ತೊಂದು ಬರುವಷ್ಟರಲ್ಲಿ ಆ ತರಗತಿಯ ಮಕ್ಕಳು ಶಾಲೆ ಬಿಟ್ಟು ಹೋಗಿರುತ್ತಾರೆ. ದುಡಿಯಲು ಗೋವಾಕ್ಕೆ ಬಂದ ಮನೆಗಳ ಎಷ್ಟೋ ಮಕ್ಕಳು ಕೀಬೋರ್ಡ್ ಮುಟ್ಟುವುದು ಶಾಲೆಯಲ್ಲಿ ಮಾತ್ರ. ಅದಕ್ಕೇ ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಮತ್ತು ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನ ಗುಡುಗು ಶುರುವಾಗುವ ಮೊದಲೇ ಈ ವಿಷಯ ನಮಗೆ ಗೊತ್ತಿರಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ಸಿಡಿಲು ನಿಮ್ಮ ಶಾಲೆಯ ಮೇಲೇ ಬೀಳಬೇಕೆಂದಿಲ್ಲ. ಒಂದು ಸಾಧಾರಣ ಸಿಡಿಲಿನ ಪ್ರವಾಹ 30,000 ಆಂಪಿಯರ್ ಆಸುಪಾಸು. ಅಷ್ಟು ಪ್ರವಾಹ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಏರಿದಾಗ ಸುತ್ತಲಿನ ಕಾಂತಕ್ಷೇತ್ರವೂ ಅಷ್ಟೇ ವೇಗದಲ್ಲಿ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ತಂತಿ ಇದ್ದರೆ ಏನಾಗುತ್ತದೆ? ಫ್ಯಾರಡೆಯ ಪ್ರೇರಣೆ, ನಾವೇ ಪಾಠ ಮಾಡಿದ್ದೇವೆ. ಅರ್ಧ ಕಿಲೋಮೀಟರ್ ದೂರದ ತೆಂಗಿನ ಮರಕ್ಕೆ ಸಿಡಿಲು ಹೊಡೆದರೂ ಕಂಬದಿಂದ ಕಂಬಕ್ಕೆ ಹೋಗುವ ಲೈನಿನಲ್ಲಿ ಸಾವಿರಾರು ವೋಲ್ಟು ಎದ್ದು ತಂತಿಗುಂಟ ನಮ್ಮ ಮೀಟರ್ ಬೋರ್ಡಿನವರೆಗೆ ಬರಬಲ್ಲದು. ಇದಕ್ಕೇ ಸರ್ಜ್ ಅಥವಾ ಸ್ಪೈಕ್ ಅನ್ನುತ್ತಾರೆ. ಸಿಡಿಲೊಂದೇ ಕಾರಣವೂ ಅಲ್ಲ. ಪಕ್ಕದ ಕಟ್ಟಡದ ನೀರಿನ ಪಂಪು, ಏಸಿಯ ಕಂಪ್ರೆಸರು ಆಫ್ ಆದಾಗ, ಹೋದ ಕರೆಂಟು ತಟ್ಟನೆ ಬಂದಾಗ ಸಣ್ಣ ಸಣ್ಣ ಸ್ಪೈಕ್‌ಗಳು ಏಳುತ್ತಲೇ ಇರುತ್ತವೆ.

ಹಳೆಯ ವಾಲ್ವ್ ರೇಡಿಯೊ ಇಂಥದ್ದನ್ನೆಲ್ಲ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಇವತ್ತಿನ ಚಿಪ್‌ನೊಳಗಿನ ಟ್ರಾನ್ಸಿಸ್ಟರು ಹಾಗಲ್ಲ. ಅದರಲ್ಲಿ ವಿದ್ಯುತ್ ದಾಟದಂತೆ ತಡೆಯುವ ಸಿಲಿಕಾನ್ ಆಕ್ಸೈಡ್ ಪದರದ ದಪ್ಪ ಕೆಲವೇ ನ್ಯಾನೊಮೀಟರ್. ಒಂದು ನ್ಯಾನೊಮೀಟರಿಗೆ ಸುಮಾರು ಒಂದು ವೋಲ್ಟು ಮೀರಿದರೆ ಆ ಪದರ ತೂತಾಗುತ್ತದೆ. ಐದು ನ್ಯಾನೊಮೀಟರಿನ ಪದರಕ್ಕೆ ಐದು ವೋಲ್ಟೇ ಗಡಿ ಎಂದಾಯಿತು. ಅಂಥ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಹೊತ್ತ ಯಂತ್ರವನ್ನು ನಾವು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಇಟ್ಟಿದ್ದೇವೆ.

ಇನ್ನು ಕಾವಲುಗಾರನ ವಿಷಯ. ಒಳ್ಳೆಯ ಸ್ಪೈಕ್ ಬಸ್ಟರ್ ಒಂದನ್ನು ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಇಣುಕಿ ನೋಡಿ. ನೀಲಿ ಅಥವಾ ಹಳದಿ ಬಣ್ಣದ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ, ಎರಡು ಕಾಲಿನ ಬಿಲ್ಲೆ ಕಾಣುತ್ತದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಅದನ್ನು ಅಡ್ಡಲಾಗಿ ಜೋಡಿಸಿರುತ್ತಾರೆ. ಇದೇ ಮೆಟಲ್ ಆಕ್ಸೈಡ್ ವೇರಿಸ್ಟರ್. ಅದು ಕಂಪ್ಯೂಟರಿನ ದಾರಿಯಲ್ಲಿ ನಿಂತು ಸರ್ಜನ್ನು ತಡೆಯುವುದಿಲ್ಲ. ಪಕ್ಕದಲ್ಲಿ ಬೇರೊಂದು ದಾರಿ ತೆರೆಯುತ್ತದೆ. ಇದು ಮಕ್ಕಳಿಗೆ ಸಾಮಾನ್ಯವಾಗಿ ತಿರುಗುಮುರುಗಾಗಿ ಅರ್ಥವಾಗುತ್ತದೆ, ಹಾಗಾಗಿ ಒಂದು ಹೋಲಿಕೆ.

ನಮ್ಮೂರಿನ ಕೆರೆಯ ಕೋಡಿ ನೆನಪಿಸಿಕೊಳ್ಳಿ. ನೀರು ಕೋಡಿಯ ಮಟ್ಟಕ್ಕಿಂತ ಕೆಳಗಿದ್ದರೆ ಒಂದು ಹನಿಯೂ ಹೊರಗೆ ಹೋಗದು. ಮಟ್ಟ ಮೀರಿತೋ, ಹೆಚ್ಚಾದದ್ದೆಲ್ಲ ಕೋಡಿ ಬಿದ್ದು ಹರಿದು ಹೋಗುತ್ತದೆ, ಕಟ್ಟೆ ಉಳಿಯುತ್ತದೆ. ವೇರಿಸ್ಟರ್ ಮಾಡುವುದು ಇಷ್ಟೇ. ನಮ್ಮ ಮನೆಯ 230 ವೋಲ್ಟು ಎನ್ನುವುದು ಒಂದು ರೀತಿಯ ಸರಾಸರಿ. ಅಲೆಯ ತುದಿ 230ನ್ನು 1.414ರಿಂದ ಗುಣಿಸಿದಷ್ಟು, ಅಂದರೆ 325 ವೋಲ್ಟು. ಕೋಡಿ ಅದಕ್ಕಿಂತ ತುಸು ಮೇಲಿರಬೇಕು. ಬಿಲ್ಲೆಯ ಮೇಲೆ 14ಡಿ431 ಎಂದು ಬರೆದಿದ್ದರೆ ಹೀಗೆ ಓದಿ: 14 ಮಿಲಿಮೀಟರ್ ವ್ಯಾಸ, 43ರ ಮುಂದೆ ಒಂದು ಸೊನ್ನೆ, 430 ವೋಲ್ಟು. ಒಂದು ಮಿಲಿಆಂಪಿಯರ್ ಹರಿಯತೊಡಗುವ ಮಟ್ಟ ಅದು. ಇಂಥ ಬಿಲ್ಲೆಯನ್ನು 275 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಸದಾ ಜೋಡಿಸಿ ಇಡಬಹುದು. ರಾತ್ರಿ ಹೊತ್ತು ವೋಲ್ಟೇಜ್ ಹೆಚ್ಚು ಏರುವ ಕಡೆ 14ಡಿ471, ಅಂದರೆ 300 ವೋಲ್ಟಿನ ಬಿಲ್ಲೆಯೇ ವಾಸಿ ಎಂದು ನನ್ನ ಎಣಿಕೆ. ಕೋಡಿ ತೀರಾ ಕೆಳಗಿದ್ದರೆ ದಿನಾ ಸೋರುತ್ತದಲ್ಲ.

ಈ ಬಿಲ್ಲೆಯ ಹುಟ್ಟು ಕುಂಬಾರಿಕೆಯ ಹಾಗಿದೆ. ಸತುವಿನ ಆಕ್ಸೈಡ್ ಪುಡಿಗೆ ಬಿಸ್ಮತ್, ಕೋಬಾಲ್ಟ್, ಮ್ಯಾಂಗನೀಸ್ ಆಕ್ಸೈಡುಗಳನ್ನು ಚಿಟಿಕೆಯಷ್ಟು ಬೆರೆಸಿ, ಒತ್ತಿ ಬಿಲ್ಲೆ ಮಾಡಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಆಗ ಸತುವಿನ ಆಕ್ಸೈಡಿನ ಹರಳುಗಳು ಬೆಳೆದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹರಳು ಒಳ್ಳೆಯ ಅರೆವಾಹಕ. ಆದರೆ ಎರಡು ಹರಳುಗಳ ನಡುವಿನ ಗಡಿಯಲ್ಲಿ ಬಿಸ್ಮತ್ ಸೇರಿಕೊಂಡು ಒಂದು ತಡೆಗೋಡೆ ಏಳುತ್ತದೆ. ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಡಯೋಡುಗಳಂತೆ ಅದು ಎರಡೂ ಕಡೆಯಿಂದ ಪ್ರವಾಹವನ್ನು ತಡೆಯುತ್ತದೆ. ಒಂದು ಗಡಿ ತಾಳುವುದು ಸುಮಾರು 3 ವೋಲ್ಟು. ಅದು ಮೀರಿದರೆ ಇಲೆಕ್ಟ್ರಾನುಗಳು ಗೋಡೆ ದಾಟಿ ನುಗ್ಗುತ್ತವೆ.

ಈಗ ಮಕ್ಕಳಿಗೆ ಒಂದು ಲೆಕ್ಕ ಕೊಡಿ. 430 ವೋಲ್ಟು ತಾಳಬೇಕು, ಒಂದು ಗಡಿಗೆ 3 ವೋಲ್ಟು. ಸಾಲಿನಲ್ಲಿ ಎಷ್ಟು ಗಡಿ ಬೇಕು? ಸುಮಾರು 143. ಒಂದು ಹರಳು 15 ಮೈಕ್ರೊಮೀಟರ್ ಎಂದು ಹಿಡಿದರೆ ಬಿಲ್ಲೆಯ ದಪ್ಪ? ಸುಮಾರು 2 ಮಿಲಿಮೀಟರ್. ಹೆಚ್ಚು ವೋಲ್ಟೇಜ್ ತಾಳಬೇಕಾದರೆ ಬಿಲ್ಲೆ ದಪ್ಪವಾಗಬೇಕು, ಹೆಚ್ಚು ಪ್ರವಾಹ ತಾಳಬೇಕಾದರೆ ಅಗಲವಾಗಬೇಕು. ಕಣ್ಣಿಗೆ ಕಾಣದ ಹರಳಿನಿಂದ ಕೈಯಲ್ಲಿ ಹಿಡಿಯುವ ಬಿಲ್ಲೆಯವರೆಗೆ ಒಂದೇ ಭಾಗಾಕಾರದಲ್ಲಿ ಬಂದುಬಿಟ್ಟೆವು.

ಇನ್ನೊಂದು ಲೆಕ್ಕ ಓಮನ ನಿಯಮ ಕಲಿಸಿದ ಮರುದಿನಕ್ಕೆ ಹೇಳಿ ಮಾಡಿಸಿದ್ದು. ಸಾಮಾನ್ಯ ರೋಧಕದಲ್ಲಿ ವಿಭವಾಂತರ 10 ಶೇಕಡ ಹೆಚ್ಚಾದರೆ ಪ್ರವಾಹವೂ 10 ಶೇಕಡ ಹೆಚ್ಚುತ್ತದೆ. ವೇರಿಸ್ಟರ್ ಈ ನಿಯಮವನ್ನು ಪಾಲಿಸುವುದಿಲ್ಲ. ಅದರ ಕೆಲಸದ ವ್ಯಾಪ್ತಿಯಲ್ಲಿ ಪ್ರವಾಹವು ವಿಭವಾಂತರದ 30ನೇ ಘಾತ ಅಥವಾ ಅದಕ್ಕೂ ಹೆಚ್ಚಿನ ಘಾತದಂತೆ ಏರುತ್ತದೆ. 1.1ನ್ನು 30 ಸಲ ಗುಣಿಸಿ ನೋಡಿ: 17 ದಾಟುತ್ತದೆ. ವೋಲ್ಟೇಜ್ 10 ಶೇಕಡ ಏರಿದರೆ ಪ್ರವಾಹ 17 ಪಟ್ಟು! ಕೊನೆಗೆ ಹರಳುಗಳ ಸ್ವಂತ ರೋಧ ಅಡ್ಡ ಬರುವುದರಿಂದ ಏರಿಕೆಗೆ ಮಿತಿಯಿದೆ. 14ಡಿ431ರಲ್ಲಿ 50 ಆಂಪಿಯರ್ ಹರಿಯುವಾಗ ಎರಡು ಕಾಲುಗಳ ನಡುವೆ ಹೆಚ್ಚೆಂದರೆ 710 ವೋಲ್ಟು ಇರುತ್ತದೆ. 325 ಎಲ್ಲಿ, 710 ಎಲ್ಲಿ ಎಂದು ಗಾಬರಿಯಾಗಬೇಡಿ. ಸಾವಿರಾರು ವೋಲ್ಟು ಬರುವಲ್ಲಿ ಕೆಲವು ಮೈಕ್ರೊಸೆಕೆಂಡು ಮಾತ್ರ 710 ಬಂದರೆ ಕಂಪ್ಯೂಟರಿನ ಪವರ್ ಸಪ್ಲೈ ಅದನ್ನು ತಾಳಿಕೊಳ್ಳುತ್ತದೆ. ಬಿಲ್ಲೆ ಎಚ್ಚರಗೊಳ್ಳಲು ಹಿಡಿಯುವ ಸಮಯ 25 ನ್ಯಾನೊಸೆಕೆಂಡಿಗಿಂತ ಕಡಿಮೆ.

ಸತುವಿನ ಆಕ್ಸೈಡಿನ ಈ ಗುಣವನ್ನು 1960ರ ದಶಕದ ಕೊನೆಯಲ್ಲಿ ಜಪಾನಿನ ಮತ್ಸುಶಿತ ಕಂಪನಿಯಲ್ಲಿ ಬೆಳಕಿಗೆ ತಂದವರು ಮಿಚಿಯೊ ಮತ್ಸುಒಕ. ಅವರ ಪ್ರಬಂಧ ಅಚ್ಚಾದದ್ದು 1971ರಲ್ಲಿ. ಅದಕ್ಕೂ ಮುಂಚೆ, 1930ರ ದಶಕದಿಂದ, ಸಿಲಿಕಾನ್ ಕಾರ್ಬೈಡ್ ಈ ಕೆಲಸ ಮಾಡುತ್ತಿತ್ತು. ಅದರ ಘಾತ 4-5 ಅಷ್ಟೇ. ಅಂದರೆ ಸಾಧಾರಣ ವೋಲ್ಟೇಜಿನಲ್ಲೂ ಸೋರುವ ಕೋಡಿ. ಹಾಗಾಗಿ ವಿದ್ಯುತ್ ಲೈನಿನ ಲೈಟ್ನಿಂಗ್ ಅರೆಸ್ಟರ್‌ನಲ್ಲಿ ಅದರ ಜೊತೆಗೆ ಕಿಡಿ ಹಾರುವ ಗಾಳಿಯ ಸಂದನ್ನೂ ಇಡಬೇಕಾಗಿತ್ತು. ಸತುವಿನ ಆಕ್ಸೈಡ್ ಬಂದ ಮೇಲೆ ಆ ಸಂದು ಬೇಕಿಲ್ಲದಾಯಿತು. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕಂಬವನ್ನು ದೂರದಿಂದಲೇ ಮಕ್ಕಳಿಗೆ ತೋರಿಸಿ. 11 ಕಿಲೊವೋಲ್ಟ್ ತಂತಿಗಳು ಇಳಿಯುವಲ್ಲಿ ಮಡಿಕೆ ಮಡಿಕೆಯಾದ ಮೂರು ಗೂಟಗಳಿರುತ್ತವೆ, ಪ್ರತಿ ಫೇಸಿಗೂ ಒಂದು. ಈಗ ಹಾಕುವ ಅರೆಸ್ಟರುಗಳ ಹೊಟ್ಟೆಯಲ್ಲಿರುವುದೂ ಇದೇ ಬಿಲ್ಲೆಗಳ ಅಟ್ಟಿ, ಗಾತ್ರದಲ್ಲಿ ದೊಡ್ಡದು ಅಷ್ಟೇ. ದಾಂಡೇಲಿ ಹತ್ತಿರದ ಅಂಬೇವಾಡಿಯಿಂದ ಘಟ್ಟದ ಕಾಡು ದಾಟಿ ಫೋಂಡಾಕ್ಕೆ ಕರೆಂಟು ತರುವ 220 ಕಿಲೊವೋಲ್ಟಿನಂಥ ಲೈನುಗಳ ತುದಿಯಲ್ಲಿ ಇವು ಆಳೆತ್ತರ ಮೀರಿ ನಿಂತಿರುತ್ತವೆ.

“ಸ್ಟೆಬಿಲೈಸರ್ ಐತಲ್ರಿ ಸರ್, ಮತ್ಯಾಕ ಸುಟ್ಟಿತು?” ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಸ್ಟೆಬಿಲೈಸರ್ ರಿಲೇ ಬದಲಿಸಲು ಹತ್ತಾರು ಮಿಲಿಸೆಕೆಂಡು ಬೇಕು. ಸ್ಪೈಕ್ ಬಂದು ಹೋಗುವುದು ಒಂದು ಮಿಲಿಸೆಕೆಂಡಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ. ಕಳ್ಳ ಬಂದು ಹೋದ ಮೇಲೆ ಇವನು ಕಣ್ಣುಜ್ಜಿಕೊಳ್ಳುತ್ತಾನೆ.

ಇದರ ಉಲ್ಟಾ ಪ್ರಶ್ನೆಯೂ ಮುಖ್ಯ. ಸ್ಪೈಕ್ ಬಸ್ಟರ್ ಇದ್ದರೂ ಯಾಕೆ ಸುಟ್ಟಿತು, ಅದೂ ಮಳೆ ಗುಡುಗು ಏನೂ ಇಲ್ಲದ ದಿನ? ಹೆಚ್ಚಿನ ಸಲ ಉತ್ತರ ನ್ಯೂಟ್ರಲ್‌ನಲ್ಲಿರುತ್ತದೆ. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ಕಡಿದರೆ ಅಥವಾ ಸಡಿಲವಾದರೆ, ಬೇರೆ ಬೇರೆ ಫೇಸಿನ ಎರಡು ಉಪಕರಣಗಳು ಸರಣಿಯಲ್ಲಿ ಸೇರಿ 400 ವೋಲ್ಟಿನ ಬಾಯಿಗೆ ಬೀಳುತ್ತವೆ. ಒಂದು ಕಡೆ 2000 ವಾಟಿನ ಹೀಟರು, ಇನ್ನೊಂದು ಕಡೆ 100 ವಾಟಿನ ಟೀವಿ ಇದೆ ಎನ್ನಿ. ಟೀವಿಯ ರೋಧ 20 ಪಟ್ಟು ಹೆಚ್ಚು, ಹಾಗಾಗಿ 400ರಲ್ಲಿ 21ಕ್ಕೆ 20 ಪಾಲು, ಸುಮಾರು 381 ವೋಲ್ಟು ಅದರ ಪಾಲಿಗೆ. ಅಲೆಯ ತುದಿ 539. ಅಂದರೆ 430ರ ಬಿಲ್ಲೆ ಸೆಕೆಂಡಿಗೆ 100 ಸಲ, ನಿಲ್ಲದೆ ಕೋಡಿ ಬೀಳುತ್ತಿರುತ್ತದೆ. ಮೈಕ್ರೊಸೆಕೆಂಡಿನ ಹೊಡೆತಕ್ಕೆ ಸಾವಿರಾರು ಆಂಪಿಯರ್ ತಾಳುವ ಬಿಲ್ಲೆ ಈ ಬಗೆಯ ನಿರಂತರ ಹರಿವಿಗೆ ಕೆಲವೇ ಸೆಕೆಂಡುಗಳಲ್ಲಿ ಕಾದು ಕೆಂಪಾಗಿ ಹೊಗೆಯಾಡುತ್ತದೆ, ಬೆಂಕಿಯೂ ಹತ್ತೀತು. ಅದಕ್ಕೇ ಸ್ಪೈಕ್ ಬಸ್ಟರನ್ನು ಕಾಗದದ ರಾಶಿ, ಪರದೆ, ಮರದ ಕಪಾಟಿನ ಸಂದಿಯಲ್ಲಿ ಇಡಬಾರದು. ಬಿಸಿಯಾದರೆ ತಾನೇ ಕಡಿದುಕೊಳ್ಳುವ ಉಷ್ಣ ಫ್ಯೂಸ್ ಇರುವಂಥದ್ದನ್ನೇ ಕೊಳ್ಳಬೇಕು. ನ್ಯೂಟ್ರಲ್ ಕೈಕೊಟ್ಟಾಗ ಕಾಯುವುದು ಬೇರೆಯೇ ಸಾಧನ: ಮುಖ್ಯ ಬೋರ್ಡಿನಲ್ಲಿ ಕೂರಿಸುವ, ವೋಲ್ಟೇಜ್ ಮಿತಿ ಮೀರಿದರೆ ಕರೆಂಟನ್ನೇ ಕಡಿಯುವ ರಿಲೇ. ದೀಪ ಒಂದು ಕೋಣೆಯಲ್ಲಿ ಉಜ್ವಲ, ಇನ್ನೊಂದರಲ್ಲಿ ಮಂಕು ಎಂದು ಕಂಡ ತಕ್ಷಣ ಮೇನ್ ಆಫ್ ಮಾಡಿ ವಿದ್ಯುತ್ ಇಲಾಖೆಗೆ ಫೋನ್ ಮಾಡಿ. ಕಾಯಬೇಡಿ.

ಕೋಡಿಯ ಹೋಲಿಕೆಯನ್ನು ಇನ್ನೂ ಸ್ವಲ್ಪ ಎಳೆಯೋಣ. ಕೋಡಿ ಬಿದ್ದ ನೀರಿಗೆ ಹಳ್ಳ ಬೇಕು. ಫೇಸಿನಿಂದ ಭೂಮಿಗೆ ಮತ್ತು ನ್ಯೂಟ್ರಲ್‌ನಿಂದ ಭೂಮಿಗೆ ಜೋಡಿಸಿದ ಬಿಲ್ಲೆಗಳಿಗೆ ಆ ಹಳ್ಳವೇ ಅರ್ಥಿಂಗ್. ಮೂರು ಪಿನ್ನಿನ ಸಾಕೆಟ್ ಇದ್ದೂ ಹಿಂದೆ ಹಸಿರು ತಂತಿ ಎಲ್ಲಿಗೂ ಹೋಗದ ಶಾಲೆಗಳು ಕಮ್ಮಿಯೇನಿಲ್ಲ. ಗೋವಾದ ಚಿರೆಕಲ್ಲಿನ ನೆಲದಲ್ಲಿ ಇನ್ನೊಂದು ಪೇಚು. ಮಳೆಗಾಲದಲ್ಲಿ ನೆನೆದು ಚೆನ್ನಾಗಿ ವಿದ್ಯುತ್ ಒಯ್ಯುವ ನೆಲ ಏಪ್ರಿಲ್ ಹೊತ್ತಿಗೆ ಒಣಗಿ ರೋಧ ಏರಿಸಿಕೊಂಡಿರುತ್ತದೆ. ಸರಿಯಾಗಿ ಆಗಲೇ ಗುಡುಗು ಬರುತ್ತದೆ. ಅರ್ಥ್ ಗುಂಡಿಗೆ ಮಾರ್ಚಿನಿಂದ ವಾರಕ್ಕೊಮ್ಮೆ ನೀರು ಹಾಕುವ ಕೆಲಸವನ್ನು ಇಕೋ ಕ್ಲಬ್ಬಿನ ಮಕ್ಕಳಿಗೆ ವಹಿಸಬೇಡಿ, ನೀವೇ ನಿಂತು ಮಾಡಿಸಿ, ಗುಡುಗಿಲ್ಲದ ಬೆಳಗಿನ ಹೊತ್ತು. ವಾಸ್ಕೋ, ಬೈನಾದಂಥ ಕಡಲಂಚಿನ ಕಡೆ ಉಪ್ಪುಗಾಳಿಗೆ ಅರ್ಥ್ ಪಟ್ಟಿಯ ನಟ್ಟು-ಬೋಲ್ಟು ತುಕ್ಕು ತಿಂದಿರುತ್ತದೆ, ಅದನ್ನೂ ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಗಿ ಮಾಡಿಸಿ.

ಅರ್ಥ್ ರೋಧ 5 ಓಮ್ ಇದ್ದರೆ ಚೆನ್ನಾಗಿದೆ ಅನ್ನುತ್ತೇವೆ. ಆದರೂ 3000 ಆಂಪಿಯರ್ ಇಳಿಯುವಾಗ ಅಲ್ಲಿ 15,000 ವೋಲ್ಟು ಏಳುತ್ತದೆ! ಹಾಗಾದರೆ ಅರ್ಥಿಂಗಿನಿಂದ ಏನು ಉಪಯೋಗ ಎಂದು ಜಾಣ ಹುಡುಗಿ ಕೇಳಿಯೇ ಕೇಳುತ್ತಾಳೆ. ಮಾಂಡವಿಯಲ್ಲಿ ಭರತ ಬಂದಾಗ ಒಂದಕ್ಕೊಂದು ಕಟ್ಟಿದ ದೋಣಿಗಳೆಲ್ಲ ಒಟ್ಟಿಗೆ ಏರುತ್ತವೆ, ನಡುವಿನ ಹಗ್ಗ ಹರಿಯುವುದಿಲ್ಲ. ಒಂದೇ ಒಂದು ದೋಣಿಯನ್ನು ದಡದ ಗೂಟಕ್ಕೆ ಗಿಡ್ಡವಾಗಿ ಕಟ್ಟಿದ್ದರೆ ಆ ಹಗ್ಗ ಹರಿಯುತ್ತದೆ. ಕಂಪ್ಯೂಟರು, ಪ್ರಿಂಟರು, ರೌಟರು ಎಲ್ಲಕ್ಕೂ ಒಂದೇ ಅರ್ಥ್ ಇದ್ದರೆ ಎಲ್ಲವೂ ಒಟ್ಟಿಗೆ ಏರಿ ಇಳಿಯುತ್ತವೆ. ಹೊರಗಿನಿಂದ ಬರುವ ತಾಮ್ರದ ಟೆಲಿಫೋನ್ ತಂತಿ, ಕೇಬಲ್ ಟೀವಿ ತಂತಿ, ಇನ್ನೊಂದು ಕಟ್ಟಡಕ್ಕೆ ಎಳೆದ ಲ್ಯಾನ್ ತಂತಿ ಇವೇ ಆ ದಡದ ಗೂಟಗಳು. ಕರೆಂಟಿನ ಕಡೆ ಎಲ್ಲ ಭದ್ರ ಮಾಡಿ ಲ್ಯಾನ್ ಕಡೆಯಿಂದ ಮದರ್‌ಬೋರ್ಡ್ ಕಳೆದುಕೊಳ್ಳುವವರು ತುಂಬ ಜನ. ಗಾಜಿನ ಫೈಬರ್ ಈ ಲೆಕ್ಕದಲ್ಲಿ ನಿರಪಾಯ, ಗಾಜು ವಿದ್ಯುತ್ ಒಯ್ಯುವುದಿಲ್ಲ.

ತಂತಿಯ ಉದ್ದವೂ ಸಣ್ಣ ವಿಷಯವಲ್ಲ. ಒಂದು ಮೀಟರ್ ನೇರ ತಂತಿಯ ಪ್ರೇರಕತೆ ಸುಮಾರು ಒಂದು ಮೈಕ್ರೊಹೆನ್ರಿ. 8 ಮೈಕ್ರೊಸೆಕೆಂಡಿನಲ್ಲಿ 3000 ಆಂಪಿಯರ್ ಏರಿದರೆ ಆ ಒಂದು ಮೀಟರಿನಲ್ಲೇ 375 ವೋಲ್ಟು. ಬಿಲ್ಲೆ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಈ 375 ಅದರ ಮೇಲೆ ಕೂಡುತ್ತದೆ. ಅದಕ್ಕೇ ಮುಖ್ಯ ಬೋರ್ಡಿನ ಸರ್ಜ್ ಸಾಧನದ ತಂತಿ ಒಟ್ಟು ಅರ್ಧ ಮೀಟರ್ ಮೀರಬಾರದು ಎನ್ನುವ ನಿಯಮ. ಉಳಿದ ತಂತಿಯನ್ನು ಚೆಂದಕ್ಕೆ ಸುರುಳಿ ಸುತ್ತಿ ಇಡುವ ಎಲೆಕ್ಟ್ರಿಷಿಯನ್‌ಗೆ ಈ ಲೆಕ್ಕ ತೋರಿಸಿ.

ಬಿಲ್ಲೆಗಿಂತ ಚುರುಕಾದ ತಮ್ಮನೊಬ್ಬ ಇದ್ದಾನೆ, ಟೀವಿಎಸ್ ಡಯೋಡ್. (ಸ್ಕೂಟರಿಗೂ ಇದಕ್ಕೂ ಸಂಬಂಧವಿಲ್ಲ.) ಇದು ಜೀನರ್ ಡಯೋಡಿನ ಕುಲದ್ದು, ಸಿಲಿಕಾನಿನದ್ದು. ಸರ್ಜಿನ ದೊಡ್ಡ ಶಕ್ತಿಯನ್ನು ನುಂಗಲಾರದು, ಆದರೆ ಕೋಡಿಯ ಮಟ್ಟ ತುಂಬ ನಿಖರ, 5 ವೋಲ್ಟಿಗೂ ಸಿಗುತ್ತದೆ. ನಿಮ್ಮ ಮೊಬೈಲಿನ, ಪೆನ್‌ಡ್ರೈವ್ ಸಿಕ್ಕಿಸುವ ಬಾಯಿಯ ಹಿಂದೆ ಸಾಸಿವೆಯಂಥ ಇಂಥವು ಕೂತಿರುತ್ತವೆ. ಬೆರಳಿನ ಸ್ಥಾಯೀ ವಿದ್ಯುತ್ತಿನಿಂದ ಚಿಪ್ಪನ್ನು ಕಾಯುವವು ಇವೇ. ಹೊರಗೆ ಅರೆಸ್ಟರ್, ಬೋರ್ಡಿನಲ್ಲಿ ವೇರಿಸ್ಟರ್, ಯಂತ್ರದೊಳಗೆ ಡಯೋಡ್: ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ.

ತರಗತಿಯಲ್ಲಿ ಮಾಡಿ ತೋರಿಸಲು ಮೇನ್ ಕರೆಂಟಿನ ಹತ್ತಿರ ಹೋಗುವುದು ಬೇಡ. ಹಳೆಯ ಟ್ಯೂಬ್‌ಲೈಟಿನ ಕಬ್ಬಿಣದ ಚೋಕ್, 9 ವೋಲ್ಟಿನ ಬ್ಯಾಟರಿ, ಒಂದು ಚಿಕ್ಕ ನಿಯಾನ್ ದೀಪ, ಬೆಲ್ಲಿನ ಒತ್ತುಗುಂಡಿ ಸಾಕು. ಬ್ಯಾಟರಿ, ಗುಂಡಿ, ಚೋಕ್ ಸರಣಿಯಲ್ಲಿ. ನಿಯಾನ್ ಚೋಕಿಗೆ ಸಮಾಂತರದಲ್ಲಿ. ಗುಂಡಿ ಒತ್ತಿದಾಗ ಏನೂ ಇಲ್ಲ. ಬಿಟ್ಟಾಗ ನಿಯಾನ್ ಫಕ್ಕನೆ ಕೆಂಪಗೆ ಮಿಂಚುತ್ತದೆ. ನಿಯಾನ್ ಹೊತ್ತಿಕೊಳ್ಳಲು 70 ವೋಲ್ಟಿಗೂ ಹೆಚ್ಚು ಬೇಕು. 9 ವೋಲ್ಟಿನ ಬ್ಯಾಟರಿಯಿಂದ ಅದು ಎಲ್ಲಿಂದ ಬಂತು? ಇದನ್ನು ಕೇಳಿ ಸುಮ್ಮನಿರಿ, ಮಕ್ಕಳೇ ಜಗಳವಾಡಲಿ. ಆಮೇಲೆ ಚೋಕಿಗೆ ಅಡ್ಡಲಾಗಿ ಒಂದು ಸಾಧಾರಣ ಡಯೋಡ್ ಹಾಕಿ, ಬೆಳ್ಳಿಯ ಪಟ್ಟೆಯಿರುವ ಕಾಲು ಬ್ಯಾಟರಿಯ ಧನ ತುದಿಯ ಕಡೆಗೆ. ಈಗ ಎಷ್ಟು ಸಲ ಒತ್ತಿ ಬಿಟ್ಟರೂ ನಿಯಾನ್ ಹೊತ್ತುವುದಿಲ್ಲ. ಡಯೋಡ್ ಕೋಡಿಯಂತಲ್ಲ, ಖಾಜನ್ ಗದ್ದೆಯ ತೂಬಿನ ಮರದ ಬಾಗಿಲಿನಂತೆ: ಒಂದು ಕಡೆಯ ನೀರಿಗೆ ತಾನೇ ತೆರೆದು ಇನ್ನೊಂದು ಕಡೆಯದಕ್ಕೆ ತಾನೇ ಮುಚ್ಚುತ್ತದೆ. ಮಾಡುವಾಗ ಬರಿಯ ತಂತಿಯ ತುದಿಗಳನ್ನು ಬೆರಳಲ್ಲಿ ಹಿಡಿಯಬಾರದು, ಜುಮ್ಮೆನ್ನುವಷ್ಟು ಹೊಡೆಯುತ್ತದೆ. ತುದಿಗಳಿಗೆ ಟೇಪು ಸುತ್ತಿ. ಡಯೋಡನ್ನು ಉಲ್ಟಾ ಹಾಕಿದರೆ ಬ್ಯಾಟರಿ ಶಾರ್ಟ್ ಆಗುತ್ತದೆ.

ಕೊಳ್ಳುವಾಗ ಒಂದು ಮಾತು. ಸ್ಪೈಕ್ ಬಸ್ಟರ್ ಎಂದು ಮಾರುವ ಎಷ್ಟೋ ಪೆಟ್ಟಿಗೆಗಳು ಬರಿಯ ಎಕ್ಸ್‌ಟೆನ್ಶನ್ ಬಾಕ್ಸ್‌ಗಳು, ಕೆಂಪು ಸ್ವಿಚ್ಚು ಹಾಕಿದ ಮಾತ್ರಕ್ಕೆ ಬಿಲ್ಲೆ ಬರುವುದಿಲ್ಲ. ಎಷ್ಟು ಜೂಲ್ ಶಕ್ತಿ ನುಂಗುತ್ತದೆ, ಎಷ್ಟು ಆಂಪಿಯರ್ ಸರ್ಜ್ ತಾಳುತ್ತದೆ ಎಂದು ಬರೆದಿರದಿದ್ದರೆ ಬಿಟ್ಟುಬಿಡಿ. ಮುಖ್ಯ ಬೋರ್ಡಿಗೆ ಹಾಕುವ ಸಾಧನದಲ್ಲಿ ಪುಟ್ಟ ಕಿಟಕಿ ಇರುತ್ತದೆ. ಹಸಿರು ಹೋಗಿ ಕೆಂಪು ಕಂಡರೆ ಒಳಗಿನ ಬಿಲ್ಲೆ ಸತ್ತಿದೆ, ಬದಲಿಸಬೇಕು. ಪ್ರತಿ ದೊಡ್ಡ ಹೊಡೆತಕ್ಕೂ ಬಿಲ್ಲೆಯ ಆಯುಸ್ಸು ಒಂದಿಷ್ಟು ಸವೆಯುತ್ತದೆ.

ಹತ್ತಿರದಲ್ಲೇ ಸಿಡಿಲು ಬಿದ್ದರೆ ಇವು ಯಾವುವೂ ಪೂರ್ತಿ ಸಾಲವು. ಪ್ಲಗ್ಗನ್ನೂ ಲ್ಯಾನ್ ತಂತಿಯನ್ನೂ ಕಿತ್ತಿಡುವುದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಆದರೆ ಅದನ್ನು ಗುಡುಗು ಶುರುವಾಗುವ ಮೊದಲು ಮಾಡಬೇಕು. ನೆತ್ತಿಯ ಮೇಲೆ ಮಿಂಚುತ್ತಿರುವಾಗ ತಂತಿ ಮುಟ್ಟಲು ಹೋಗಬೇಡಿ, ಮಕ್ಕಳನ್ನಂತೂ ಕಳಿಸಲೇಬೇಡಿ. ಕಂಪ್ಯೂಟರ್ ಹೋದರೆ ಹೋಗಲಿ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ‘ದಾಮಿನಿ’ ಆ್ಯಪ್ ನಿಮ್ಮ ಸುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತದೆ. ಬೇಸಿಗೆ ರಜೆಗೆ ಬೀಗ ಹಾಕುವ ದಿನವೇ ಎಲ್ಲ ಪ್ಲಗ್ಗುಗಳನ್ನು ಕಿತ್ತು, ಸ್ಪೈಕ್ ಬಸ್ಟರಿನ ಬೆನ್ನಿಗೆ ಅದನ್ನು ಕೊಂಡ ತಾರೀಕನ್ನು ಮಾರ್ಕರ್‌ನಿಂದ ಬರೆದಿಡಿ.